ತುಂಬಿದ್ದು ತಿಳಿಯದ ಮೂತ್ರಕೋಶ: ಕ್ಯಾನ್ಸರ್ ವಾರ್ಡುಗಳ ಶುಶ್ರೂಷಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಆಸ್ಪತ್ರೆಗಳ ಸ್ತ್ರೀರೋಗ ಕ್ಯಾನ್ಸರ್ ವಾರ್ಡುಗಳಲ್ಲಿ ದುಡಿಯುತ್ತಿರುವ ಶುಶ್ರೂಷಾಧಿಕಾರಿಗಳಿಗೆ,



ಗರ್ಭಕಂಠದ ಕ್ಯಾನ್ಸರಿಗೆ ನಡೆಯುವ ವಿಸ್ತೃತ ಶಸ್ತ್ರಚಿಕಿತ್ಸೆಯ ನಂತರ ಮೂತ್ರಕೋಶಕ್ಕೆ ಏನಾಗುತ್ತದೆ ಎಂಬುದು ವೈದ್ಯಗ್ರಂಥಗಳಲ್ಲಿ ‘ತೊಡಕುಗಳು’ ಎಂಬ ತಲೆಬರಹದ ಕೆಳಗೆ ಒಂದೆರಡು ಪುಟಗಳಲ್ಲಿ ಮುಗಿದುಹೋಗುವ ವಿಷಯವಾದರೂ, ಗೆಡ್ಡೆ ತೆಗೆಸಿಕೊಂಡು ಬದುಕಿ ಉಳಿದ ಮಹಿಳೆಗೆ ಅದು ದಿನಕ್ಕೆ ಆರೇಳು ಬಾರಿ, ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ಆಯುಷ್ಯವಿಡೀ ಎದುರಾಗುವ ಸಂಗತಿ. ಯಾವ ಶಸ್ತ್ರಚಿಕಿತ್ಸೆ, ಎಷ್ಟು ವಿಸ್ತಾರ ಎಂಬ ನಿರ್ಧಾರ ವೈದ್ಯರದು. ಆದರೆ ಕ್ಯಾಥೆಟರನ್ನು, ಅಂದರೆ ಮೂತ್ರ ಹರಿಸಲು ಮೂತ್ರಕೋಶದೊಳಕ್ಕೆ ಇಳಿಸುವ ಕೊಳವೆಯನ್ನು, ದಿನವೂ ನೋಡಿಕೊಳ್ಳುವವರು, ಚೀಲದಲ್ಲಿ ತುಂಬಿದ್ದನ್ನು ಅಳೆದು ಚಾರ್ಟಿನಲ್ಲಿ ಬರೆಯುವವರು, ಒಂದು ಬೆಳಿಗ್ಗೆ ಆ ಕೊಳವೆಯನ್ನು ತೆಗೆದು ‘ಒಂದಕ್ಕೆ ಹೋದಿರಾ’ ಎಂದು ಕೇಳುವವರು ರೋಗಿಗಳು ‘ಸಿಸ್ಟರ್’ ಎಂದು ಕರೆಯುವ ಶುಶ್ರೂಷಾಧಿಕಾರಿಗಳು. ಈ ಪತ್ರ ತಮ್ಮನ್ನು ಉದ್ದೇಶಿಸಿರುವುದು ಅದೇ ಕಾರಣಕ್ಕೆ, ಮತ್ತು ಆ ಕೊನೆಯ ಪ್ರಶ್ನೆಯೊಂದೇ ಸಾಲದು ಎಂಬುದನ್ನು ಹೇಳುವುದಕ್ಕೆ. ವಿಸ್ತೃತ ಶಸ್ತ್ರಚಿಕಿತ್ಸೆಯಾದ ಮಹಿಳೆ ಮೂತ್ರ ಮಾಡಿದಳೇ ಎಂಬುದು ಅರ್ಧ ಮಾತ್ರ. ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತು, ಮೂತ್ರಕೋಶ ತುಂಬಿದ್ದು ಆಕೆಗೆ ತಿಳಿಯುತ್ತಿದೆಯೇ ಎಂಬ ಇನ್ನೆರಡು ಪ್ರಶ್ನೆಗಳನ್ನು ವಾರ್ಡಿನಲ್ಲಿಯೂ, ಮನೆಗೆ ಹೋಗಿ ಬಂದಾಗಲೂ ತಪ್ಪದೆ ಕೇಳಬೇಕಾಗಿದೆ.

ಸಾಮಾನ್ಯವಾಗಿ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆಗೂ ಇದಕ್ಕೂ ಇರುವ ವ್ಯತ್ಯಾಸ ರೋಗಿಯ ಮನೆಯವರಿಗೆ ಬಹುಮಟ್ಟಿಗೆ ತಿಳಿದಿರುವುದಿಲ್ಲ. ಅತಿಯಾದ ರಕ್ತಸ್ರಾವಕ್ಕೋ ಕ್ಯಾನ್ಸರಲ್ಲದ ಗೆಡ್ಡೆಗೋ ಗರ್ಭಕೋಶ ತೆಗೆಯುವಾಗ ಅಂಗವನ್ನು ಅದರ ಅಂಚಿನಲ್ಲಿಯೇ ಬಿಡಿಸಿ ತೆಗೆಯಲಾಗುತ್ತದೆ. ಗರ್ಭಕಂಠದ, ಅಂದರೆ ಜನ ‘ಗರ್ಭಕೋಶದ ಬಾಯಿ’ ಎನ್ನುವ ಭಾಗದ ಕ್ಯಾನ್ಸರ್ ಇದ್ದಾಗ ಮಾತ್ರ ಹಾಗೆ ಮಾಡಿದರೆ ಸಾಲದೆಂದು, ಗರ್ಭಕಂಠದ ಎರಡೂ ಬದಿಗೆ ಸೊಂಟದ ಗೋಡೆಯವರೆಗೆ ಚಾಚಿರುವ ಅಂಗಾಂಶ, ಹಿಂದಕ್ಕೆ ಬೆನ್ನಿನ ಕಡೆಗೆ ಹೋಗುವ ಕಟ್ಟುಗಳು, ಯೋನಿಯ ಮೇಲ್ಭಾಗ, ಶ್ರೋಣಿಯ ದುಗ್ಧಗ್ರಂಥಿಗಳು, ಇಷ್ಟನ್ನೂ ಜೊತೆಗೆ ತೆಗೆಯಲಾಗುತ್ತದೆ. ಪಕ್ಕದ ಆ ಅಂಗಾಂಶಕ್ಕೆ ‘ಪ್ಯಾರಾಮೆಟ್ರಿಯಂ’ ಎಂದೂ ಇಡೀ ಶಸ್ತ್ರಚಿಕಿತ್ಸೆಗೆ ‘ರ‍್ಯಾಡಿಕಲ್ ಹಿಸ್ಟೆರೆಕ್ಟಮಿ’ ಎಂದೂ ಹೆಸರು. ಗೆಡ್ಡೆಯ ಕಣಗಳು ಪಕ್ಕಕ್ಕೆ ಹರಡುವ ದಾರಿ ಪ್ಯಾರಾಮೆಟ್ರಿಯಂ ಆದ್ದರಿಂದ ಅದನ್ನು ತೆಗೆಯುವುದಕ್ಕೆ ಸಕಾರಣವಿದೆ. ತೊಂದರೆಯೆಂದರೆ ಮೂತ್ರಕೋಶದ ನರಗಳು ಹಾದುಹೋಗುವ ದಾರಿಯೂ ಅದೇ.

ಮೂತ್ರಕೋಶಕ್ಕೆ ಎರಡು ಕೆಲಸ. ಗಂಟೆಗಟ್ಟಲೆ ಒತ್ತಡ ಏರದಂತೆ ಮೂತ್ರವನ್ನು ಹಿಡಿದಿಟ್ಟುಕೊಳ್ಳುವುದು ಒಂದು, ಸಮಯ ಬಂದಾಗ ಒಂದೇ ಬಾರಿಗೆ ಪೂರ್ತಿ ಹೊರಹಾಕುವುದು ಇನ್ನೊಂದು. ಹಿಡಿದಿಟ್ಟುಕೊಳ್ಳುವ ಕೆಲಸವನ್ನು ನಡೆಸುವ ನರಗಳು ಬೆನ್ನುಹುರಿಯ ಎದೆಯ ಕೆಳಭಾಗ ಮತ್ತು ಸೊಂಟದ ಮೇಲ್ಭಾಗದ ಮಟ್ಟದಿಂದ ಹೊರಟು, ‘ಹೈಪೋಗ್ಯಾಸ್ಟ್ರಿಕ್ ನರ’ ಎಂಬ ಹೆಸರಿನಲ್ಲಿ ಎಡಕ್ಕೊಂದು ಬಲಕ್ಕೊಂದಾಗಿ, ಗರ್ಭಕಂಠವನ್ನು ಬೆನ್ನಿನ ಕಡೆಗೆ ಹಿಡಿದಿರುವ ಕಟ್ಟುಗಳ ಪಕ್ಕದಲ್ಲೇ ಕೆಳಗಿಳಿಯುತ್ತವೆ. ಇವು ಮೂತ್ರಕೋಶದ ಗೋಡೆಯನ್ನು ಸಡಿಲಿಸಿ ಅದರ ಕತ್ತನ್ನು ಬಿಗಿಹಿಡಿಯುತ್ತವೆ. ಹೊರಹಾಕುವ ಕೆಲಸದ ನರಗಳು ಬೆನ್ನುಹುರಿಯ ತುದಿಯ ಎರಡು, ಮೂರು, ನಾಲ್ಕನೆಯ ತ್ರಿಕಾಸ್ಥಿ ಮಟ್ಟಗಳಿಂದ ಹೊರಟು ಪ್ಯಾರಾಮೆಟ್ರಿಯಮ್ಮಿನ ಆಳದಲ್ಲಿ, ಗರ್ಭಕೋಶದ ಆಳದ ರಕ್ತನಾಳದ ಕೆಳಗೆ ಹಾದು ಬರುತ್ತವೆ. ‘ಡೆಟ್ರೂಸರ್’ ಎಂದು ಕರೆಯುವ ಮೂತ್ರಕೋಶದ ಗೋಡೆಯ ಸ್ನಾಯು ಸಂಕುಚಿಸುವುದು ಇವುಗಳ ಅಪ್ಪಣೆಯಿಂದ. ಇವೆರಡೂ ಗುದನಾಳ, ಗರ್ಭಕಂಠ ಮತ್ತು ಯೋನಿಯ ಪಕ್ಕದಲ್ಲಿ ಹೆಣೆದುಕೊಂಡು ಬಲೆಯಂಥ ಒಂದು ನರಜಾಲವಾಗುತ್ತವೆ, ಆ ಜಾಲದ ಎಳೆಗಳು ಗರ್ಭಕಂಠದ ಮುಂಬದಿಯ ಕಟ್ಟಿನೊಳಗಿಂದ ಮೂತ್ರಕೋಶವನ್ನು ತಲುಪುತ್ತವೆ. ಮೂತ್ರಕೋಶ ತುಂಬಿತೆಂಬ ಸುದ್ದಿ ಮಿದುಳಿಗೆ ಮರಳುವುದೂ ಇದೇ ಎಳೆಗಳ ಮೂಲಕ. ಹಿಂಬದಿಯ ಕಟ್ಟು, ಪಕ್ಕದ ಕಟ್ಟು, ಮುಂಬದಿಯ ಕಟ್ಟು, ಮೂರನ್ನೂ ಆಳಕ್ಕೆ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ಈ ನರಗಳು ಮೂರು ಕಡೆ ಅಪಾಯಕ್ಕೆ ಸಿಕ್ಕುತ್ತವೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮೂತ್ರದ್ವಾರದ ಹೊರಗಿನ ಬಿಗಿತವನ್ನು, ಅಂದರೆ ಬೇಕೆಂದಾಗ ತಡೆಹಿಡಿಯುವ ಶಕ್ತಿಯನ್ನು, ನಡೆಸುವ ನರ ಬೇರೆಯೇ ಆದದ್ದು. ಅದು ಶ್ರೋಣಿಯ ತಳದಲ್ಲಿ, ಶಸ್ತ್ರವೈದ್ಯರ ಕೈ ಓಡಾಡುವ ಜಾಗದಿಂದ ದೂರದಲ್ಲಿ ಸಾಗುತ್ತದೆ, ಸಾಮಾನ್ಯವಾಗಿ ಪೆಟ್ಟು ತಿನ್ನುವುದಿಲ್ಲ. ಆದ್ದರಿಂದ ಹೊರಗಿನ ಬಾಗಿಲು ಗಟ್ಟಿಯಾಗಿಯೇ ಉಳಿದು, ಒಳಗಿನ ಚೀಲ ಮಾತ್ರ ಹಿಂಡುವ ಶಕ್ತಿಯನ್ನೂ ತುಂಬಿದ ಅರಿವನ್ನೂ ಕಳೆದುಕೊಂಡಿರುವ ಮಹಿಳೆ ಹೊರನೋಟಕ್ಕೆ ಯಾವ ತೊಂದರೆಯೂ ಇಲ್ಲದವಳಂತೆ ಕಾಣಬಲ್ಲಳು. ಸಾಮಾನ್ಯವಾಗಿ 150ರಿಂದ 200 ಮಿಲಿಲೀಟರ್ ತುಂಬಿದಾಗ ಮೊದಲ ಸೂಚನೆ ಬರುತ್ತದೆ, 400ರಿಂದ 500ರ ಹೊತ್ತಿಗೆ ತಡೆಯಲಾಗದಂತಾಗುತ್ತದೆ. ನರಗಳಿಗೆ ಪೆಟ್ಟು ಬಿದ್ದಾಕೆಗೆ ಅಷ್ಟು ತುಂಬಿದರೂ ಹೊಟ್ಟೆಯ ಕೆಳಭಾಗದಲ್ಲೇನೋ ಭಾರ, ಸ್ವಲ್ಪ ಉಬ್ಬರ ಎನಿಸಬಹುದು, ಅಥವಾ ಏನೂ ಅನಿಸದಿರಬಹುದು. ಹೊಲಿಗೆಯ ನೋವಿನ ನಡುವೆ ಆ ಭಾರವನ್ನು ಬೇರೆಯಾಗಿ ಗುರುತಿಸುವುದು ಆಕೆಗೂ ಸುಲಭವಲ್ಲ.

ನರಗಳಿಗೆ ಬೀಳುವ ಈ ಪೆಟ್ಟಿನ ಅರಿವು ವೈದ್ಯಲೋಕಕ್ಕೆ ಹೇಗೆ ಬಂತು ಎಂಬುದನ್ನು ಇಲ್ಲಿ ಕೊಂಚ ಹೇಳಬೇಕು, ಏಕೆಂದರೆ ಅದು ಎರಡು ದೇಶಗಳ ನಡುವೆ ಆರು ದಶಕ ನಡೆದ ಕಥೆ. ವಿಯೆನ್ನಾದಲ್ಲಿ ಅರ್ನ್‌ಸ್ಟ್ ವರ್ಟ್‌ಹೈಮ್ 1898ರಲ್ಲಿ ಹೊಟ್ಟೆಯ ಮೂಲಕ ಈ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದಾಗ ಗೆಡ್ಡೆಯನ್ನು ಪೂರ್ತಿ ಕೀಳುವುದು, ರೋಗಿಯನ್ನು ಟೇಬಲ್ಲಿನಿಂದ ಜೀವಂತ ಇಳಿಸುವುದು, ಇವೇ ದೊಡ್ಡ ಚಿಂತೆಗಳಾಗಿದ್ದವು. ಜಪಾನಿನ ಕ್ಯೋಟೋದಲ್ಲಿ ಒಕಬಯಾಶಿ 1921ರಲ್ಲಿ ಪ್ರಕಟಿಸಿದ ವಿಧಾನ ಮೂತ್ರಕೋಶದ ಹಿಂಬದಿಯ ಕಟ್ಟನ್ನೂ ಬಿಡಿಸಿ ಇನ್ನಷ್ಟು ವಿಸ್ತಾರವಾಗಿ ಕತ್ತರಿಸಿತು; ಗೆಡ್ಡೆಯ ದೃಷ್ಟಿಯಿಂದ ಅದು ಮುನ್ನಡೆಯಾದರೂ ಮೂತ್ರಕೋಶಕ್ಕೆ ಅದರ ಬೆಲೆ ಹೆಚ್ಚಾಗಿತ್ತು. ಆ ಬೆಲೆಯನ್ನು ಮೊದಲು ಗಂಭೀರವಾಗಿ ಲೆಕ್ಕ ಹಾಕಿದವರೂ ಜಪಾನೀಯರೇ. ಟೋಕಿಯೋದ ಕೊಬಯಾಶಿ 1961ರಲ್ಲಿ ಪಕ್ಕದ ಕಟ್ಟಿನಲ್ಲಿ ರಕ್ತನಾಳಗಳಿರುವ ಮೇಲಿನ ಭಾಗವನ್ನೂ ನರಗಳಿರುವ ಕೆಳಗಿನ ಭಾಗವನ್ನೂ ಬೇರ್ಪಡಿಸಿ, ಮೊದಲನೆಯದನ್ನು ಕತ್ತರಿಸಿ ಎರಡನೆಯದನ್ನು ಉಳಿಸುವ ಕ್ರಮವನ್ನು ವಿವರಿಸಿದರು. ಇಂದು ‘ನರ ಉಳಿಸುವ ಶಸ್ತ್ರಚಿಕಿತ್ಸೆ’ ಎಂದು ಕರೆಯುವುದರ ಬೇರು ಅಲ್ಲಿದೆ. ನಮ್ಮ ದೇಶದಲ್ಲಿಯೂ ಕಲ್ಕತ್ತೆಯ ಸುಬೋಧ್ ಮಿತ್ರ ಯೋನಿಮಾರ್ಗದ ವಿಸ್ತೃತ ಶಸ್ತ್ರಚಿಕಿತ್ಸೆಯನ್ನು ದುಗ್ಧಗ್ರಂಥಿಗಳ ತೆಗೆಯುವಿಕೆಯೊಡನೆ ಜೋಡಿಸಿ ತಮ್ಮದೇ ಹೆಸರಿನ ಕ್ರಮವೊಂದನ್ನು ರೂಢಿಗೆ ತಂದರು. 2008ರಲ್ಲಿ ಕ್ವೆರ್ಲೂ ಮತ್ತು ಮಾರೋ ಎಂಬ ಇಬ್ಬರು ರೂಪಿಸಿದ ವರ್ಗೀಕರಣದಲ್ಲಿ ಶಸ್ತ್ರಚಿಕಿತ್ಸೆಯ ವಿಸ್ತಾರಕ್ಕೆ ಎ, ಬಿ, ಸಿ, ಡಿ ಎಂಬ ದರ್ಜೆಗಳಿದ್ದು, ನರಗಳನ್ನು ಉಳಿಸಿದರೆ ಸಿ1, ಉಳಿಸದಿದ್ದರೆ ಸಿ2 ಎಂದು ಬರೆಯಲಾಗುತ್ತದೆ. ಈ ಒಂದು ಅಂಕಿ ಶುಶ್ರೂಷೆಗೆ ಬಹಳ ಮುಖ್ಯ: ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಸಿ2 ಎಂದಿದ್ದರೆ ಆ ಹಾಸಿಗೆಯ ಮಹಿಳೆಯ ಮೂತ್ರಕೋಶ ನಿಧಾನವಾಗಿ ಚೇತರಿಸಿಕೊಳ್ಳುತ್ತದೆಂದು ಮೊದಲೇ ಎಣಿಸಿಕೊಳ್ಳಬಹುದು, ಟಿಪ್ಪಣಿಯಲ್ಲಿ ದರ್ಜೆಯೇ ಇಲ್ಲದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಬಹುದು. ಸಿ1 ಎಂದಿದ್ದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ಎಳೆದ, ಬಿಸಿ ತಗುಲಿದ ನರವೂ ಕೆಲಕಾಲ ಸುಮ್ಮನಾಗುತ್ತದೆ.

ಇನ್ನು ವಾರ್ಡಿಗೆ ಬರಬೇಕು. ಕೊಳವೆಯನ್ನು ಒಂದೆರಡು ವಾರ ಇಟ್ಟುಕೊಳ್ಳುವ ಪದ್ಧತಿ ಅನೇಕ ಕಡೆ ಇದೆ, ಬೇಗ ತೆಗೆಯುವ ಕಡೆಗಳೂ ಇವೆ. ಕೊಳವೆ ಇದ್ದಷ್ಟು ದಿನ ಸೋಂಕಿನ ಸಂಭವ ಏರುತ್ತಲೇ ಹೋಗುವುದರಿಂದ ಅನಗತ್ಯವಾಗಿ ಮುಂದುವರಿಸುವುದು ಸರಿಯಲ್ಲ; ಆದರೆ ತೆಗೆದ ಮೇಲೆ ಅಳೆಯದೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಕೊಳವೆ ತೆಗೆದ ನಂತರ ಮಹಿಳೆ ಮೂರು ಬಾರಿ ಹೋಗಿ ಪ್ರತಿ ಬಾರಿ 150 ಮಿಲಿಲೀಟರ್ ಮೂತ್ರ ಮಾಡಿದರೆ ಚಾರ್ಟು ಚೆನ್ನಾಗಿಯೇ ಕಾಣುತ್ತದೆ, ಮನೆಯವರಿಗೂ ಸಮಾಧಾನವಾಗುತ್ತದೆ. ಅದೇ ಹೊತ್ತಿನಲ್ಲಿ ಮೂತ್ರಕೋಶದಲ್ಲಿ ಪ್ರತಿ ಬಾರಿಯೂ 400 ಮಿಲಿಲೀಟರ್ ಉಳಿಯುತ್ತಿರಬಹುದು, ಅಂದರೆ ಆಕೆ ತುಂಬಿದ ಕೊಡದ ಬಾಯಿಯಿಂದ ತುಳುಕಿದ್ದನ್ನಷ್ಟೇ ಹೊರಹಾಕುತ್ತಿರಬಹುದು. ಹಾಗೆ ಉಳಿಯುವುದಕ್ಕೆ ‘ಶೇಷ ಮೂತ್ರ’ ಎನ್ನುತ್ತಾರೆ. ಮೂತ್ರ ಮಾಡಿದ ಕೆಲವೇ ನಿಮಿಷಗಳೊಳಗೆ ಸ್ಕ್ಯಾನ್ ಯಂತ್ರದಿಂದಲೋ, ಅದಿಲ್ಲದ ಕಡೆ ಸಣ್ಣ ಕೊಳವೆಯೊಂದನ್ನು ಒಮ್ಮೆ ಇಳಿಸಿಯೋ ಅದನ್ನು ಅಳೆಯಬಹುದು. ಆರೋಗ್ಯವಂತರಲ್ಲಿ ಅದು 50 ಮಿಲಿಲೀಟರಿಗಿಂತ ಕಡಿಮೆ ಇರುತ್ತದೆ. ವಿಸ್ತೃತ ಶಸ್ತ್ರಚಿಕಿತ್ಸೆಯ ನಂತರ 100ರ ಒಳಗಿದ್ದರೆ ಸಾಕೆಂದು ಹಲವು ಆಸ್ಪತ್ರೆಗಳು ಒಪ್ಪುತ್ತವೆ. ಒಂದು ಬಾರಿಯ ಅಳತೆ ನಂಬತಕ್ಕದ್ದಲ್ಲ, ಎರಡು ಮೂರು ಬಾರಿ ಅಳೆಯಬೇಕು. ಮಾಡಿದ ಪ್ರಮಾಣವನ್ನೂ ಉಳಿದ ಪ್ರಮಾಣವನ್ನೂ ಚಾರ್ಟಿನಲ್ಲಿ ಒಂದೇ ಸಾಲಿನಲ್ಲಿ ಬರೆಯಬೇಕು, ಏಕೆಂದರೆ ಮೊದಲನೆಯದು ಎರಡನೆಯದಿಲ್ಲದೆ ಏನನ್ನೂ ಹೇಳುವುದಿಲ್ಲ.

ಕೊಳವೆ ತೆಗೆಯುವ ಮೊದಲು ಅದಕ್ಕೆ ಕ್ಲಿಪ್ ಹಾಕಿ, ಎರಡು ಮೂರು ಗಂಟೆಗೊಮ್ಮೆ ಬಿಟ್ಟು, ಮೂತ್ರಕೋಶಕ್ಕೆ ‘ಅಭ್ಯಾಸ’ ಮಾಡಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅದರಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ದೊರೆತಿಲ್ಲ. ಕತ್ತರಿಸಿದ ಅಥವಾ ಜಖಂಗೊಂಡ ನರ ಕ್ಲಿಪ್ಪಿನಿಂದ ಕಲಿಯುವಂಥದೂ ಏನಿಲ್ಲ. ಇಲ್ಲಿ ಅದಕ್ಕಿಂತ ಮಿಗಿಲಾದ ಅಪಾಯವೊಂದಿದೆ. ಬೇರೆ ಶಸ್ತ್ರಚಿಕಿತ್ಸೆಯ ರೋಗಿಯಾದರೆ ಕ್ಲಿಪ್ ಬಿಡುವುದನ್ನು ಮರೆತಾಗ ಒತ್ತರ ತಾಳದೆ ಕೂಗಿ ಕರೆಯುತ್ತಾಳೆ. ತುಂಬಿದ್ದೇ ತಿಳಿಯದ ಈ ಮಹಿಳೆ ಕರೆಯುವುದಿಲ್ಲ. ಪಾಳಿ ಬದಲಾಗುವ ಹೊತ್ತು, ಒಬ್ಬರ ಕೈಗೆ ಮೂವತ್ತು ಹಾಸಿಗೆ, ತುರ್ತಾಗಿ ಬಂದ ಇನ್ನೊಬ್ಬ ರೋಗಿ, ಇವೆಲ್ಲ ಇರುವ ವಾರ್ಡಿನಲ್ಲಿ ಮರೆವು ಯಾರದೂ ವೈಯಕ್ತಿಕ ದೋಷವಲ್ಲ. ಹಾಗಿರುವಾಗ ಮರೆವಿಗೆ ಜಾಗ ಕೊಡುವ ಪದ್ಧತಿಯನ್ನೇ ಕೈಬಿಡುವುದು ಒಳಿತು. ಒಮ್ಮೆ ಮಿತಿಮೀರಿ ಹಿಗ್ಗಿದ ಮೂತ್ರಕೋಶದ ಸ್ನಾಯು ನರದ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು ತಿನ್ನುತ್ತದೆ, ವಾರಗಳಲ್ಲಿ ಆಗಬೇಕಾದ ಚೇತರಿಕೆ ತಿಂಗಳುಗಳಿಗೆ ಮುಂದೆ ಹೋಗುತ್ತದೆ.

ಶೇಷ ಮೂತ್ರ ಹೆಚ್ಚಿದ್ದರೆ ಮುಂದೇನು ಎಂಬುದಕ್ಕೆ ಉತ್ತರ 1972ರಷ್ಟು ಹಿಂದೆಯೇ ದೊರೆತಿದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡೀಸ್, ರೋಗಿಯೇ ನಾಲ್ಕಾರು ಗಂಟೆಗೊಮ್ಮೆ ತನ್ನ ಕೈಯಿಂದ ಕೊಳವೆ ಇಳಿಸಿ ಮೂತ್ರಕೋಶ ಖಾಲಿ ಮಾಡಿ ಕೊಳವೆಯನ್ನು ತೆಗೆದುಬಿಡಬಹುದು, ಅದಕ್ಕೆ ಕೈಗವಸು, ಕ್ರಿಮಿಶುದ್ಧ ಬಟ್ಟೆ ಇವೆಲ್ಲ ಬೇಡ, ಸಾಬೂನಿನಿಂದ ತೊಳೆದ ಕೈ ಸಾಕು ಎಂದು ತೋರಿಸಿಕೊಟ್ಟರು. ಆ ಕಾಲದ ಆಸ್ಪತ್ರೆಯ ಶಿಸ್ತಿಗೆ ವಿರುದ್ಧವೆನಿಸಿದ ಈ ಮಾತಿನ ಹಿಂದಿದ್ದ ತರ್ಕ ಸರಳವಾದದ್ದು: ಸೋಂಕನ್ನು ಬೆಳೆಸುವುದು ಒಳಹೋದ ಒಂದೆರಡು ಕ್ರಿಮಿಗಳಿಗಿಂತ ಹೆಚ್ಚಾಗಿ ಖಾಲಿಯಾಗದೆ ಹಿಗ್ಗಿ ನಿಂತ ಮೂತ್ರಕೋಶ. ಆ ವಿಧಾನಕ್ಕೆ ‘ಶುಚಿಯಾದ ಮಧ್ಯಂತರ ಕ್ಯಾಥೆಟರ್ ಬಳಕೆ’ ಎಂದು ಹೆಸರು. ಕಾಲಿಗೆ ಚೀಲ ಕಟ್ಟಿಕೊಂಡು ಊರಿಗೆ ಹೋಗುವುದಕ್ಕಿಂತ ಇದು ಎಲ್ಲ ರೀತಿಯಿಂದಲೂ ಮೇಲು. ಹಾಗಿದ್ದೂ ಮಹಿಳೆಗೆ ಇದನ್ನು ಕಲಿಸುವ ಬದಲು ಕೊಳವೆಯನ್ನೇ ಮತ್ತೆ ಹಾಕಿ ಕಳುಹಿಸುವುದು ಸುಲಭವೆನಿಸುತ್ತದೆ, ಏಕೆಂದರೆ ಕಲಿಸುವುದಕ್ಕೆ ಹೊತ್ತು ಬೇಕು.

ಆ ಹೊತ್ತನ್ನು ಕೊಡಿಸಬೇಕೆಂಬುದು ಈ ಪತ್ರದ ಮುಖ್ಯ ಕೋರಿಕೆಗಳಲ್ಲಿ ಒಂದು. ಓದು ಬರಹ ಬಾರದ ಮಹಿಳೆಯೂ ಎರಡು ಮೂರು ದಿನಗಳ ಅಭ್ಯಾಸದಿಂದ ಇದನ್ನು ಕಲಿಯಬಲ್ಲಳು. ಮೊದಲಿಗೆ ಕನ್ನಡಿ ಹಿಡಿದು ಮೂತ್ರದ್ವಾರ ಎಲ್ಲಿದೆಯೆಂದು ತೋರಿಸಿದರೆ, ಆಮೇಲೆ ಬೆರಳಿನ ಗುರುತೇ ಸಾಕಾಗುತ್ತದೆ. ತನ್ನ ಮೈಯ ಆ ಭಾಗವನ್ನು ಒಮ್ಮೆಯೂ ನೋಡಿಕೊಂಡಿರದ ಹೆಣ್ಣುಮಗಳು ಕಲಿಯುವ ಮೊದಲು ಸಂಕೋಚವನ್ನು ದಾಟಬೇಕಾಗಿರುತ್ತದೆ, ಅದಕ್ಕೆ ಪರದೆ ಎಳೆದ ಒಂದು ಮೂಲೆ, ಆಕೆಯ ಮಾತನ್ನೇ ಆಡುವ ಒಬ್ಬ ಸಿಸ್ಟರ್, ಅವಸರವಿಲ್ಲದ ಅರ್ಧ ಗಂಟೆ ಬೇಕು. ಒಂದು ಬಾರಿಗೆ ಹೊರಬರುವ ಪ್ರಮಾಣ 400 ಮಿಲಿಲೀಟರನ್ನು ಮೀರುತ್ತಿದ್ದರೆ ಗಂಟೆಯ ಅಂತರವನ್ನು ಕಡಿಮೆ ಮಾಡಬೇಕು, ಉಳಿಕೆ ಇಳಿಯುತ್ತ ಬಂದಂತೆ ಬಾರಿಗಳನ್ನು ಕಡಿಮೆ ಮಾಡುತ್ತ ಹೋಗಬಹುದು, ಅಳತೆಯ ಒಂದು ಲೋಟ ಮತ್ತು ಒಂದು ನೋಟುಬುಕ್ ಮನೆಯಲ್ಲಿರಬೇಕು. ಕೊಳವೆ ಬಳಸುವವರ ಮೂತ್ರದ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುವುದು ಸಾಮಾನ್ಯ. ಜ್ವರ, ಚಳಿ, ಪಕ್ಕೆನೋವು, ಉರಿ ಇವೇನೂ ಇಲ್ಲದಿದ್ದರೆ ಅದಷ್ಟಕ್ಕೆ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ ಎಂಬುದನ್ನೂ ಆಕೆಗೆ ಹೇಳಬೇಕು, ಇಲ್ಲವಾದರೆ ಊರಿನ ಪ್ರಯೋಗಾಲಯದ ಒಂದೊಂದು ರಿಪೋರ್ಟಿಗೂ ಒಂದೊಂದು ಚೀಟಿ ಸೇರಿಕೊಳ್ಳುತ್ತದೆ.

ಮೂತ್ರ ಸೋರುತ್ತಿದೆ ಎಂದು ಆಕೆ ಹೇಳಿಕೊಂಡಾಗ ಆ ಒಂದು ಮಾತಿನ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಕೆಮ್ಮಿದಾಗ, ಬಿಂದಿಗೆ ಎತ್ತಿದಾಗ ಸೋರಿದರೆ ಮೂತ್ರಕೋಶದ ಕತ್ತಿನ ಹಿಡಿತ ಸಡಿಲವಾಗಿದೆ. ಅದಕ್ಕೆ ಶ್ರೋಣಿಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ, ಅಮೆರಿಕದ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಚಾರಕ್ಕೆ ತಂದದ್ದು, ನೆರವಾಗುತ್ತದೆ. ಅವಸರ ಬಂದು ತಲುಪುವ ಮೊದಲೇ ಹೋಗಿಬಿಟ್ಟರೆ ಮೂತ್ರಕೋಶದ ಗೋಡೆ ತನ್ನ ಮೃದುತ್ವ ಕಳೆದುಕೊಂಡಿರಬಹುದು, ಶಸ್ತ್ರಚಿಕಿತ್ಸೆಯ ನಂತರ ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಇದು ಇನ್ನೂ ಹೆಚ್ಚು. ಮೂರನೆಯದು ಎಲ್ಲಕ್ಕಿಂತ ಮೋಸಗೊಳಿಸುವಂಥದು: ಖಾಲಿಯಾಗದ ಮೂತ್ರಕೋಶ ತುಂಬಿ ತುಳುಕಿ, ಹಗಲಿರುಳು ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತದೆ. ಜಿನುಗುವುದನ್ನು ಕಂಡು ಆಕೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ, ನೋಡುವವರು ವ್ಯಾಯಾಮ ಹೇಳಿ ಕಳುಹಿಸುತ್ತಾರೆ. ಕಟ್ಟಿಕೊಂಡಿರುವುದನ್ನು ಸಡಿಲವೆಂದು ತಿಳಿದು ಇನ್ನಷ್ಟು ಬಿಗಿಯುವ ವ್ಯಾಯಾಮ ಹೇಳಿಕೊಟ್ಟಂತಾಗುತ್ತದೆ. ಶೇಷ ಮೂತ್ರ ಅಳೆಯದೆ ಸೋರಿಕೆಗೆ ಸಲಹೆ ಕೊಡಬಾರದೆಂಬ ಒಂದು ನಿಯಮವನ್ನು ವಾರ್ಡು ಮತ್ತು ಹೊರರೋಗಿ ವಿಭಾಗಗಳಲ್ಲಿ ಪಾಲಿಸಿದರೂ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ನಾಲ್ಕನೆಯದು ಫಿಸ್ಟುಲಾ, ಅಂದರೆ ಮೂತ್ರಕೋಶದಿಂದಲೋ, ಮೂತ್ರಪಿಂಡದಿಂದ ಅಲ್ಲಿಗೆ ಮೂತ್ರ ತರುವ ಮೂತ್ರನಾಳದಿಂದಲೋ ಯೋನಿಗೆ ಬಿದ್ದ ರಂಧ್ರ. ಪ್ಯಾರಾಮೆಟ್ರಿಯಮ್ಮಿನ ನಡುವಿನಿಂದ ಮೂತ್ರನಾಳವನ್ನು ಬಿಡಿಸಿಕೊಳ್ಳುವಾಗ ಅದರ ರಕ್ತಪೂರೈಕೆ ಕುಂದಿದರೆ, ಶಸ್ತ್ರಚಿಕಿತ್ಸೆಯ ಒಂದೆರಡು ವಾರಗಳಲ್ಲಿ ಅದರ ಗೋಡೆ ಸವೆದು ಮೂತ್ರ ಯೋನಿಯ ಮೂಲಕ ನಿರಂತರವಾಗಿ ಹರಿಯತೊಡಗುತ್ತದೆ. ಮೂತ್ರನಾಳದ ಫಿಸ್ಟುಲಾದಲ್ಲಿ ಇನ್ನೊಂದು ಬದಿಯ ಮೂತ್ರ ಮೂತ್ರಕೋಶಕ್ಕೆ ಬರುತ್ತಲೇ ಇರುವುದರಿಂದ ಆಕೆ ಎಂದಿನಂತೆ ಮೂತ್ರ ಮಾಡುತ್ತಲೂ ಇರುತ್ತಾಳೆ, ಬಟ್ಟೆ ಒದ್ದೆಯಾಗುತ್ತಲೂ ಇರುತ್ತದೆ. ಅದನ್ನು ಬಿಳಿ ಸೆರಗೆಂದೋ ಗಾಯದ ನೀರೆಂದೋ ತಿಳಿದು ಕಾಯುವಂತಿಲ್ಲ, ಅಂದೇ ವೈದ್ಯರಿಗೆ ತಿಳಿಸಬೇಕು.

ಚೇತರಿಕೆಯ ಬಗ್ಗೆ ಆಕೆಗೆ ನಿಜವನ್ನೇ ಹೇಳಬೇಕು. ಹೆಚ್ಚಿನವರಲ್ಲಿ ವಾರಗಳಿಂದ ತಿಂಗಳುಗಳೊಳಗೆ ಮೂತ್ರಕೋಶ ಖಾಲಿಯಾಗುವ ಶಕ್ತಿ ಮರಳುತ್ತದೆ. ತುಂಬಿದ ಅರಿವು ಮಾತ್ರ ಅಷ್ಟು ಬೇಗ ಬರುವುದಿಲ್ಲ, ಕೆಲವರಿಗೆ ಮೊದಲಿನಂತೆ ಬರುವುದೇ ಇಲ್ಲ. ಅಂಥವರು ಗಡಿಯಾರ ನೋಡಿ ಹೋಗುವುದನ್ನು ರೂಢಿಸಿಕೊಳ್ಳಬೇಕು: ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ, ಮಲಗುವ ಮುನ್ನ ಒಮ್ಮೆ, ಅರಿವು ಬರಲಿ ಬಾರದಿರಲಿ. ಒಮ್ಮೆ ಮಾಡಿ, ಎದ್ದು ಎರಡು ನಿಮಿಷ ಓಡಾಡಿ, ಮತ್ತೆ ಕುಳಿತು ಮುಂದಕ್ಕೆ ಬಾಗಿ ಮಾಡಿದರೆ ಉಳಿದದ್ದರಲ್ಲಿ ಒಂದಷ್ಟು ಹೊರಬರುತ್ತದೆ. ಉಸಿರು ಬಿಗಿಹಿಡಿದು ತಿಣುಕುವುದನ್ನೂ ಹೊಟ್ಟೆ ಒತ್ತಿ ಹೊರಡಿಸುವುದನ್ನೂ ದಿನದ ಅಭ್ಯಾಸವಾಗಿ ಮಾಡಿಕೊಳ್ಳಬಾರದು; ಮೂತ್ರಕೋಶದೊಳಗಿನ ಒತ್ತಡ ಹಾಗೆ ಏರಿದಾಗ ಮೂತ್ರ ಮೇಲ್ಮುಖವಾಗಿ ಮೂತ್ರಪಿಂಡಗಳತ್ತ ನುಗ್ಗಬಹುದು, ಹೊಲಿಗೆಯ ಮೇಲೂ ಭಾರ ಬೀಳುತ್ತದೆ. ಮಲಬದ್ಧತೆ ಇದರ ಒಡಹುಟ್ಟು, ಏಕೆಂದರೆ ಗುದನಾಳಕ್ಕೂ ಅದೇ ನರಜಾಲದ ಎಳೆಗಳಿವೆ. ಯೋನಿ ಒಣಗುವುದು, ದಾಂಪತ್ಯದಲ್ಲಿ ನೋವಾಗುವುದು ಇವುಗಳಲ್ಲಿಯೂ ಆ ನರಗಳ ಪಾತ್ರವಿದ್ದು, ಯಾರೂ ಕೇಳದ ಕಾರಣ ಯಾರೂ ಹೇಳದೆ ಉಳಿಯುವ ತೊಂದರೆಗಳಿವು.

ಕರ್ನಾಟಕದಲ್ಲಿ ಈ ವಿಷಯಕ್ಕೆ ಇನ್ನೊಂದು ಭಾರವಿದೆ. ಭಾರತದ ಮಹಿಳೆಯರಲ್ಲಿ ಸ್ತನದ ಕ್ಯಾನ್ಸರಿನ ನಂತರದ ಸ್ಥಾನ ಗರ್ಭಕಂಠದ ಕ್ಯಾನ್ಸರಿಗೆ. 2022ರ ಜಾಗತಿಕ ಅಂದಾಜಿನ ಪ್ರಕಾರ ದೇಶದಲ್ಲಿ ಆ ವರ್ಷ ಸುಮಾರು 1,27,000 ಮಹಿಳೆಯರಲ್ಲಿ ಅದು ಹೊಸದಾಗಿ ಕಾಣಿಸಿಕೊಂಡಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕೇಂದ್ರಗಳಿಗೆ ದೂರದ ಜಿಲ್ಲೆಗಳಿಂದ ಬರುವ ಮಹಿಳೆ ರಾತ್ರಿ ಬಸ್ಸಿನಲ್ಲಿ ಎಂಟು ಹತ್ತು ಗಂಟೆ ಕುಳಿತು ಊರಿಗೆ ಮರಳುತ್ತಾಳೆ. ದಾರಿಯಲ್ಲಿ ನಿಲ್ಲಿಸಿದ ಕಡೆ ಶೌಚಾಲಯ ಇದ್ದರೂ ನೀರಿರುವುದಿಲ್ಲ, ಆದ್ದರಿಂದ ಹಿಂದಿನ ದಿನದಿಂದಲೇ ನೀರು ಕುಡಿಯದೆ ಹೊರಡುತ್ತಾಳೆ. ತೊಗರಿ ಹೊಲದಲ್ಲಿ, ಕಾಫಿ ತೋಟದಲ್ಲಿ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವಾಕೆಗೆ ಮೂರು ಗಂಟೆಗೊಮ್ಮೆ ಹೋಗಿ ಬನ್ನಿ ಎನ್ನುವ ಸಲಹೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಯೋಚಿಸದೆ ಕೊಟ್ಟರೆ, ನಿರರ್ಥಕ. ಬಿಡುಗಡೆಯ ಮೊದಲು ಮನೆಯಲ್ಲಿ ಶೌಚಾಲಯವಿದೆಯೇ, ಕೆಲಸದ ಜಾಗದಲ್ಲಿ ಇದೆಯೇ, ಕೊಳವೆಗಳು ಊರಿನ ಔಷಧದ ಅಂಗಡಿಯಲ್ಲಿ ಸಿಗುತ್ತವೆಯೇ, ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಬಹುದೇ ಎಂದು ವಿಚಾರಿಸುವುದಕ್ಕೆ ಐದು ನಿಮಿಷ ಸಾಕು. ಒಬ್ಬ ಮಹಿಳೆ ಮೈಯಿಂದ ವಾಸನೆ ಬರುತ್ತದೆಂಬ ಅಂಜಿಕೆಯಿಂದ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟು, ಮನೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಮೂಲೆ ಸೇರುತ್ತಾಳೆಂದರೆ, ಕ್ಯಾನ್ಸರ್ ಗುಣವಾಯಿತು ಎಂದು ಬರೆದ ಕಡತ ಆಕೆಯ ಬದುಕಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ಎಲ್ಲ ಮಹಿಳೆಯರಿಗೂ ಇಷ್ಟು ವಿಸ್ತಾರದ ಶಸ್ತ್ರಚಿಕಿತ್ಸೆ ಬೇಕೇ ಎಂಬ ಪ್ರಶ್ನೆಯೂ ಈಗ ತೆರೆದುಕೊಂಡಿದೆ. 2024ರಲ್ಲಿ ಪ್ರಕಟವಾದ ‘ಶೇಪ್’ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಗೆಡ್ಡೆ 2 ಸೆಂಟಿಮೀಟರಿಗಿಂತ ದೊಡ್ಡದಾಗಿರದೆ, ಆಳಕ್ಕೂ ಹೆಚ್ಚು ಇಳಿಯದೆ ಇದ್ದ 700 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವಿಸ್ತೃತ ಶಸ್ತ್ರಚಿಕಿತ್ಸೆಯನ್ನೂ ಉಳಿದವರಿಗೆ ಸಾದಾ ರೀತಿಯಲ್ಲಿ ಗರ್ಭಕೋಶ ತೆಗೆಯುವುದನ್ನೂ ಗೊತ್ತುಮಾಡಲಾಗಿತ್ತು. ಮೂರು ವರ್ಷಗಳಲ್ಲಿ ಶ್ರೋಣಿಯಲ್ಲಿ ಕ್ಯಾನ್ಸರ್ ಮರುಕಳಿಸಿದ ಪ್ರಮಾಣ ವಿಸ್ತೃತದಲ್ಲಿ ಶೇ. 2.17, ಸಾದಾದಲ್ಲಿ ಶೇ. 2.52, ಅಂದರೆ ಹೆಚ್ಚುಕಡಿಮೆ ಒಂದೇ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರ ಕಳೆದ ಮೇಲೂ ಮೂತ್ರ ಕಟ್ಟಿಕೊಳ್ಳುತ್ತಿದ್ದವರು ಮೊದಲ ಗುಂಪಿನಲ್ಲಿ ಶೇ. 9.9 ಇದ್ದರೆ ಎರಡನೆಯದರಲ್ಲಿ ಶೇ. 0.6, ಸೋರುತ್ತಿದ್ದವರು ಶೇ. 11 ಮತ್ತು ಶೇ. 4.7. ಸಣ್ಣ ಗೆಡ್ಡೆಯಲ್ಲಿ ಪ್ಯಾರಾಮೆಟ್ರಿಯಂ ಉಳಿಸಿದರೆ ಮೂತ್ರಕೋಶ ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳುವ ಅಂಕಿಗಳು ಬೇಕಿಲ್ಲ. ದೊಡ್ಡ ಗೆಡ್ಡೆಗಳಿಗೆ ಈ ಮಾತು ಅನ್ವಯಿಸುವುದಿಲ್ಲವೆಂಬುದನ್ನು ಇದರೊಡನೆಯೇ ಹೇಳಬೇಕು. ಮೂತ್ರಕೋಶದ ಭಯದಿಂದ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಯಾರೂ ಮುಂದೂಡುವಂತಾಗಬಾರದು. ನಿರ್ಧಾರ ವೈದ್ಯರದಾದರೂ, ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿರುವ ಶುಶ್ರೂಷಾಧಿಕಾರಿ ‘ಮೂತ್ರದ ತೊಂದರೆಯ ಬಗ್ಗೆ ಇವರಿಗೆ ಹೇಳಿದ್ದೀರಾ’ ಎಂದು ನೆನಪಿಸುವುದು ಅಧಿಕಪ್ರಸಂಗವಲ್ಲ. ಮೊದಲೇ ತಿಳಿದ ಮಹಿಳೆ ಮುಂದೆ ಆಗುವುದನ್ನು ತನ್ನ ದೌರ್ಬಲ್ಯವೆಂದು ತಿಳಿಯುವುದಿಲ್ಲ, ಸಿಸ್ಟರ್ ಎದುರು ಬಾಯಿ ಬಿಡುತ್ತಾಳೆ.

ಬಿಡುಗಡೆಯ ಸಾರಾಂಶದಲ್ಲಿ ರಕ್ತದ ವರದಿ, ಮಾತ್ರೆಗಳ ಪಟ್ಟಿ, ಹೊಲಿಗೆ ಬಿಚ್ಚುವ ದಿನ ಇವೆಲ್ಲ ಇರುತ್ತವೆ. ಅದೇ ಹಾಳೆಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಸೇರಬೇಕಾಗಿದೆ: ನರ ಉಳಿಸಿದೆಯೋ ಇಲ್ಲವೋ, ಕೊಳವೆ ತೆಗೆದ ದಿನ, ಕೊನೆಯ ಎರಡು ಬಾರಿ ಮಾಡಿದ್ದೆಷ್ಟು ಉಳಿದದ್ದೆಷ್ಟು, ಮೂತ್ರ ಪೂರ್ತಿ ನಿಂತುಹೋದರೆ, ಜ್ವರ ಬಂದರೆ, ಬಟ್ಟೆ ನಿರಂತರವಾಗಿ ಒದ್ದೆಯಾದರೆ ಬರಬೇಕಾದ ಜಾಗ. ತಿಂಗಳ ನಂತರ, ಮೂರು ತಿಂಗಳ ನಂತರ ಆಕೆ ತಪಾಸಣೆಗೆ ಬಂದು, ಗೆಡ್ಡೆ ಮತ್ತೆ ಬಂದಿದೆಯೇ ಎಂಬ ಒಂದೇ ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿರುವಾಗ, ತೂಕ ಮತ್ತು ರಕ್ತದೊತ್ತಡ ಬರೆದುಕೊಳ್ಳುವ ಹೊತ್ತಿನಲ್ಲಿಯೇ, ಜೊತೆಗೆ ಬಂದ ಗಂಡಸರನ್ನು ಸ್ವಲ್ಪ ಹೊರಗೆ ಕಳುಹಿಸಿ, ‘ಅಮ್ಮಾ, ಒಂದಕ್ಕೆ ಬಂದದ್ದು ಗೊತ್ತಾಗ್ತದಾ, ಗಡಿಯಾರ ನೋಡಿ ಹೋಗ್ತೀರಾ’ ಎಂದು ಕೇಳಿದರೆ ಆಕೆ ಉತ್ತರ ಕೊಡುತ್ತಾಳೆ. ಆ ಉತ್ತರವನ್ನು ತೂಕದ ಪಕ್ಕದಲ್ಲಿ ಬರೆದುಕೊಳ್ಳಲು ಹಾಳೆಯಲ್ಲಿ ಒಂದು ಅಂಕಣ ಬೇಕು.